ಪೋಂಕ್ಷೆಯವರ ಮನೆಯ ಸೊಟ್ಟ ಫೋಟೋ

ಹೆಂಡತಿ ಸತ್ತ ಹದಿಮೂರನೆಯ ದಿನ ದಿಗಂಬರ ವೈಶಂಪಾಯನ ಮಾಸ್ತರರು ಎಲೆಯ ಮುಂದೆ ಕುಳಿತಿದ್ದ ನಲವತ್ತು ಜನರನ್ನು ಮುಕ್ಕಾಲು ಗಂಟೆ ಕಾಯಿಸಿದರು. ಕಾರಣ ಇಷ್ಟೇ. ಗೋಡೆಗೆ ಹಾಕಿದ ಹೆಂಡತಿಯ ಫೋಟೋ ಕೂದಲೆಳೆಯಷ್ಟು ಬಲಕ್ಕೆ ವಾಲಿತ್ತು. ಬಡಿಸಿದ ಅನ್ನ ಆರಿ ಹೋಯಿತು, ಪುರೋಹಿತರು ಎರಡು ಸಲ ಆಕಳಿಸಿದರು, ಮಾಸ್ತರರು ಮಾತ್ರ ಸ್ಟೂಲಿನ ಮೇಲೆ ನಿಂತು ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಲೇ ಇದ್ದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಬಾಬಾ ಆಯಿಯ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅವತ್ತೇ ಎಂದು ಮಗಳು ಶುಭದಾ ಮನಸ್ಸಿನಲ್ಲೇ ಅಂದುಕೊಂಡಳು.

"ನಾನು ಈ ಕಡೆ ಹಿಡ್ಕೊಳ್ಳಲಾ ಬಾಬಾ?" ಎಂದು ಅವಳು ಕೈ ಚಾಚಿದ್ದಳು.

"ನಿನಗೆ ಬರಲ್ಲ, ಬಿಡು."

ಈ ಮಾತು ಅವಳಿಗೆ ಹೊಸದೇನೂ ಆಗಿರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯಲು ಹೋದಾಗ, ಬಲ್ಬು ಬದಲಿಸಲು ಹೋದಾಗ, ಪುಸ್ತಕಕ್ಕೆ ರಟ್ಟು ಹಾಕಲು ಕೂತಾಗ, ಆರನೇ ವರ್ಷದಿಂದ ಕೇಳುತ್ತಾ ಬಂದ ಮಾತು ಅದು. ಈಗ ಮೂವತ್ತಮೂರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದೇ ಹೊತ್ತಿಗೆ ಹನ್ನೆರಡು ಊರುಗಳ ತಂತಿ ಜೋಡಿಸುವ ಹೆಂಗಸಿಗೆ ತನ್ನ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯುವ ಯೋಗ್ಯತೆ ಇರಲಿಲ್ಲ.

ಪುಣೆಯ ಸದಾಶಿವ ಪೇಠೆಯ ಆ ಮನೆಯಲ್ಲಿ ಮೂವತ್ತೊಂದು ಫೋಟೋಗಳಿದ್ದವು. ದೇವರು, ದೇಶಭಕ್ತರು, ಸತ್ತ ಹಿರಿಯರು, ನಿವೃತ್ತಿಯ ದಿನ ಡ್ರಾಯಿಂಗ್ ಮಾಸ್ತರಿಗೆ ಶಾಲೆ ಕೊಟ್ಟ ಮಾನಪತ್ರ, ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ. ಒರೆಸುವ ಹಕ್ಕು ಮಾಸ್ತರರೊಬ್ಬರದೇ. ಬಾಗಿಲಲ್ಲೇ ಅವರ ಕೈಬರಹದ ಬೋರ್ಡು: 'ಚೌಕಟ್ಟುಗಳನ್ನು ಮುಟ್ಟಬಾರದು. ನೋಡಲು ದೇವರು ಕಣ್ಣು ಕೊಟ್ಟಿದ್ದಾನೆ.' ಸ್ವಂತ ಮನೆಯಲ್ಲಿ ಏನಾದರೂ ಮಾಡಿಕೊಳ್ಳಲಿ ಎನ್ನೋಣ. ಆದರೆ ಪುಣ್ಯಾತ್ಮರು ಕಂಡವರ ಮನೆಯ ಗೋಡೆಯನ್ನೂ ಬಿಡುತ್ತಿರಲಿಲ್ಲ. ಸತ್ಯನಾರಾಯಣ ಪೂಜೆಗೆ ಕರೆದರೆ ಸತ್ಯನಾರಾಯಣನನ್ನೇ ನೆಟ್ಟಗೆ ಮಾಡಿ ಬರುತ್ತಿದ್ದರು. ಸರಿ ಮಾಡಿದ ಮೇಲೆ ಫೋಟೋದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ 'ಸರಿಪಡಿಸಿದ್ದು: ದಿ. ವೈ.' ಎಂದು ಬರೆದು ತಾರೀಖು ಹಾಕುತ್ತಿದ್ದರು. ಅರ್ಧ ಪೇಠೆಯ ಅಜ್ಜ ಅಜ್ಜಿಯರ ಬೆನ್ನ ಮೇಲೆ ಈ ಸಹಿ ಇತ್ತು. ಯಾರೂ ಕರೆದು ಹಾಕಿಸಿಕೊಂಡದ್ದಲ್ಲ.

ಶುಭದಾಳ ಮೂರು ಸಂಬಂಧಗಳು ಹೀಗೆಯೇ ಮಣ್ಣುಪಾಲಾದವು. ಮೊದಲನೆಯ ಮನೆಯಲ್ಲಿ ಹುಡುಗನ ಅಜ್ಜನ ಫೋಟೋ ನೋಡಿ, "ಇವರು ಕುಡೀತಿದ್ರಾ? ಹಾಗೇ ನಿಂತಿದ್ದಾರೆ" ಅಂದರು. ಎರಡನೆಯ ಮನೆಯಲ್ಲಿ ಏನೂ ಅನ್ನದೆ ಬರೀ ನಕ್ಕರು, ಆ ನಗುವೇ ಸಾಕಾಯಿತು. ಮೂರನೆಯವರು ಹೊಸ ಫ್ಲ್ಯಾಟಿನವರು, ಪಾಪ, ಇವರಿಗಾಗಿಯೇ ಎಲ್ಲಾ ನೇರ ಮಾಡಿಸಿ ಕಾದಿದ್ದರು. "ನೇರವಾಗೇನೋ ಇದೆ, ಆದ್ರೆ ಹಾಕಿರೋ ಚಿತ್ರ ನೋಡಿದ್ರೆ ಸೊಟ್ಟಗಿದ್ರೇ ವಾಸಿ ಇತ್ತು" ಎಂದು ಹೇಳಿ ಎದ್ದು ಬಂದರು. ಅಂಥ ಬಾಯಿಗೆ ಬೆಂಕಿ ಬೀಳಲಿ ಎಂದು ಶುಭದಾ ಅವತ್ತು ಮನಸಾರೆ ಶಪಿಸಿದ್ದಳು.

ನಾಲ್ಕನೆಯದನ್ನು ಯಾರೂ ಹುಡುಕಿದ್ದಲ್ಲ, ಅವಳೇ ಕಂಡುಕೊಂಡದ್ದು. ಶ್ರೀಧರ ಪೋಂಕ್ಷೆ ಕಾಲೇಜೊಂದರ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿದ್ದ. ಪ್ರತಿ ಬುಧವಾರ ನಾಗಪುರದ ಅಕ್ಕನಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ. ಇಡೀ ಪುಣೆಯಲ್ಲಿ ಲೈನು ತಡವಾದರೆ ಆಪರೇಟರನ್ನು ಬೈಯದೆ ಕಾಯುವ ಗಿರಾಕಿ ಅವನೊಬ್ಬನೇ. ಒಂದು ದಿನ "ನಿಮಗೆ ನೆಗಡಿ ಆಗಿದೆ ಅನ್ಸುತ್ತೆ, ನನ್ನ ಕಾಲ್ ನಿಧಾನಕ್ಕೆ ಆಗ್ಲಿ" ಅಂದ. ಶುಭದಾ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅವಳ ಮನೆಯಲ್ಲಿ ಅವಳ ನೆಗಡಿಯನ್ನು ಯಾರೂ ಹಾಗೆ ಗಮನಿಸಿರಲಿಲ್ಲ. ಎರಡು ವರ್ಷದ ಮೇಲೆ ಈಗ ಮಾತು ಮದುವೆಯವರೆಗೆ ಬಂದಿತ್ತು. ಇನ್ನು ಉಳಿದಿದ್ದು ಒಂದೇ, ಶಾಸ್ತ್ರಕ್ಕೆ ಹುಡುಗಿಯ ಅಪ್ಪ ಹುಡುಗನ ಮನೆ ನೋಡಿ ಬರುವುದು. ಇದೂ ಮುರಿದರೆ ತಾನು ಸಾಯುವ ತನಕ ಆ ಮೂವತ್ತೊಂದು ಫೋಟೋಗಳ ಕೆಳಗೆ ಮೂವತ್ತೆರಡನೆಯದಾಗಿ ಕೂತಿರಬೇಕು ಎಂದು ಅವಳಿಗೆ ಗೊತ್ತಿತ್ತು.

ಏಪ್ರಿಲ್ಲಿನ ಒಂದು ಭಾನುವಾರ ಸಂಜೆ ನಾಲ್ಕೂವರೆಗೆ ಅಪ್ಪ ಮಗಳು ರಿಕ್ಷಾ ಹತ್ತಿದರು.

"ಬಾಬಾ, ಒಂದೇ ಮಾತು. ಅಲ್ಲಿ ಗೋಡೆ ಕಡೆ ನೋಡ್ಬೇಡಿ."

"ಗೋಡೆ ನೋಡದೆ ಮನೆ ನೋಡೋದು ಹೇಗೆ?"

"ನೆಲ ನೋಡಿ."

"ನೆಲ ಏನು ಸಮ ಇರುತ್ತೆ ಅಂದ್ಕೊಂಡಿದ್ದೀಯಾ, ಶನಿವಾರ ಪೇಠೆಯಲ್ಲಿ?"

"ಬಾಬಾ!"

"ಆಯ್ತಮ್ಮಾ, ಆಯ್ತು. ಮುಟ್ಟಲ್ಲ. ಸಾಕಾ?"

ಪೋಂಕ್ಷೆಯವರದು ಹಳೇ ದೊಡ್ಡ ವಾಡೆಮನೆಯ ಕೆಳಗಿನ ಮೂರು ಕೋಣೆ. ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣ, ತಲೆ ತಗಲುವ ತೊಲೆ. ಶ್ರೀಧರನ ತಾಯಿ ದ್ವಾರಕಾಬಾಯಿ ಬಾಗಿಲಿಗೆ ಬಂದು ಮಾಸ್ತರರನ್ನು ಚಪ್ಪಲಿಯಿಂದ ಟೋಪಿಯ ತನಕ ಒಮ್ಮೆ ಅಳೆದರು.

"ಬನ್ನಿ ಮಾಸ್ತರ್. ಚಹಾ ಕುಡಿದೇ ಬಂದಿರ್ತೀರಿ" ಅಂದರು. ಅದು ಪ್ರಶ್ನೆಯಾಗಿರಲಿಲ್ಲ, ಚಹಾ ಸಿಗುವುದಿಲ್ಲ ಎಂಬ ತಿಳಿವಳಿಕೆ.

ಒಳಗೆ ಕುದಿಯುವ ಸೆಕೆ. ತಲೆಯ ಮೇಲೆ ಫ್ಯಾನಿತ್ತು, ತಿರುಗುತ್ತಿರಲಿಲ್ಲ. ಸ್ವಿಚ್ಚಿನ ಮೇಲೆ ರಟ್ಟಿನ ಬೋರ್ಡು: 'ಫ್ಯಾನು ಹಾಕಬಾರದು. ಕಾರಣ ಕೇಳಬಾರದು.' ಮಾಸ್ತರರು ಅದನ್ನು ಎರಡು ಸಲ ಓದಿದರು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಉಸಿರುಗಟ್ಟಿ ಸತ್ತರೂ ಅವರು ಕಾರಣ ಕೇಳುವ ಕುಳವಲ್ಲ. ಎದುರಿಗೆ ಅತಿಥಿ ಬೆಂದು ಹೋದರೂ ಕಾರಣ ಹೇಳುವ ಪೈಕಿ ದ್ವಾರಕಾಬಾಯಿಯೂ ಅಲ್ಲ. ಇಬ್ಬರೂ ಅಪ್ಪಟ ಪುಣೆಯವರು. ಕೇಳುವವನು ಸೋತ, ಹೇಳಿದವಳು ಕೆಟ್ಟಳು ಎಂದು ನಂಬಿ ಬದುಕಿದವರು.

"ಹುಡುಗ ಪ್ರಯೋಗಾಲಯದಲ್ಲಿ ಅಂದ್ರೆ, ಬಾಟಲಿ ತೊಳೆಯೋದಾ?" ಮಾಸ್ತರರು ಮಾತಿಗೆ ಶುರು ಹಚ್ಚಿದರು.

"ಬಾಟಲಿನೂ ತೊಳೀತಾನೆ. ನೀವು ಚಿತ್ರ ಕಲಿಸ್ತಿದ್ರಂತಲ್ಲ, ಮೂವತ್ತೈದು ವರ್ಷ. ನಿಮ್ಮ ಕೈಲಿ ಕಲಿತೋರು ಯಾರಾದ್ರೂ ಚಿತ್ರಕಾರ ಆದ್ರಾ? ಇಲ್ಲಾ ಎಲ್ಲಾ ಗೋಡೆಗೆ ಬಣ್ಣ ಹೊಡೆಯೋರೇ ಆದ್ರಾ?"

ಶ್ರೀಧರ ತಲೆ ತಗ್ಗಿಸಿ ನಕ್ಕ. ಶುಭದಾ ನಗಲಿಲ್ಲ. ಅವಳ ಕಣ್ಣು ಅಪ್ಪನ ಬಲಗೈ ಮೇಲೇ ಇತ್ತು. ಯಾಕೆಂದರೆ ಅಪ್ಪನ ಎದುರಿನ ಗೋಡೆಯಲ್ಲಿ ಶ್ರೀಧರನ ತಂದೆಯ ದೊಡ್ಡ ಫೋಟೋ ತೂಗುತ್ತಿತ್ತು, ಅದೂ ಎಂಥಾ ಸೊಟ್ಟ! ಎಡಗಡೆ ಮೂಲೆ ಬರೋಬ್ಬರಿ ನಾಲ್ಕು ಬೆರಳು ಕೆಳಗಿತ್ತು. ತೀರಿಕೊಂಡ ಅಪ್ಪಾ ಪೋಂಕ್ಷೆಯವರು ಗಂಧದ ಹಾರ ಹಾಕಿಕೊಂಡು, ಪಕ್ಕದ ಮನೆಯ ಜಗಳಕ್ಕೆ ಕಿವಿ ಕೊಟ್ಟವರಂತೆ ಓರೆಯಾಗಿ ನಿಂತಿದ್ದರು. ಕಿಟಕಿಯಿಂದ ಒಂದು ಗುಬ್ಬಿ ಒಳಗೆ ಬಂತು, ಹೊರಗೆ ಹೋಯಿತು. ಶುಭದಾ ಅದನ್ನು ನೋಡಿದಳು, ಆದರೆ ಅಪ್ಪನ ಕೈ ಕಾಯುವವಳಿಗೆ ಗುಬ್ಬಿಯ ಯೋಚನೆ ಎಲ್ಲಿಂದ ಬರಬೇಕು?

ಮಾಸ್ತರರು ನೆಲ ನೋಡಿದರು. ತೊಲೆ ನೋಡಿದರು. ಉಗುರು ನೋಡಿಕೊಂಡರು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದು ನಿಂತಿತು. ದ್ವಾರಕಾಬಾಯಿ ಅವಲಕ್ಕಿ ತರಲು ಅಡುಗೆಮನೆಗೆ ಹೋದರು. ಶ್ರೀಧರ ನೀರು ತರಲು ಹಿಂದೆಯೇ ಹೋದ. ಅಷ್ಟೇ ಸಾಕಾಯಿತು, ಮಾಸ್ತರರು ಸ್ಪ್ರಿಂಗು ಬಿಚ್ಚಿದ ಹಾಗೆ ಎದ್ದರು.

"ಬಾಬಾ, ಬೇಡ!" ಶುಭದಾ ಕೋಟಿನ ಚುಂಗು ಹಿಡಿದು ಜಗ್ಗಿದಳು.

"ಎರಡೇ ಸೆಕೆಂಡು. ಸತ್ತವನಿಗೂ ಒಂದು ಮರ್ಯಾದೆ ಅಂತ ಇರುತ್ತೆ."

ಎರಡೂ ಕೈಯಲ್ಲಿ ಫೋಟೋ ಹಿಡಿದು ಒಮ್ಮೆ ಎತ್ತಿ ನೇರ ಮಾಡಿದರು. ಫೋಟೋದ ಹಿಂದಿನಿಂದ ಒಣಹುಲ್ಲು, ಹತ್ತಿ, ದಾರದ ತುಂಡು ದೊಪ್ಪನೆ ಬಿತ್ತು. ಅದರ ಹಿಂದೆಯೇ ಮೂರು ಪುಟಾಣಿ ಮೊಟ್ಟೆಗಳು ಬಿದ್ದು ಕಲ್ಲುಹಾಸಿನ ಮೇಲೆ ಒಡೆದವು. ಕಿಟಕಿಯಲ್ಲಿದ್ದ ಗುಬ್ಬಿ ಕೋಣೆಯೊಳಗೆ ಬಂದು ತಿರುಗದ ಫ್ಯಾನಿನ ರೆಕ್ಕೆಯ ಮೇಲೆ ಕೂತು ಕಿರುಚತೊಡಗಿತು.

ದ್ವಾರಕಾಬಾಯಿ ಅವಲಕ್ಕಿಯ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತರು. ಮಾಸ್ತರರ ಕೈ ಇನ್ನೂ ಫೋಟೋ ಮೇಲಿತ್ತು. ಫೋಟೋ ಮಾತ್ರ, ಹಾಳಾಗಿ ಹೋಗಲಿ, ನೂಲು ಹಿಡಿದಂತೆ ನೇರವಾಗಿತ್ತು.

"ಗೂಡಿದೆ ಅಂತ ಹೇಳ್ಬಾರದಿತ್ತಾ?" ಮಾಸ್ತರರು ಕೇಳಿದರು.

"ಕೇಳ್ಬಾರದಿತ್ತಾ?" ದ್ವಾರಕಾಬಾಯಿ ಅಂದರು.

ಶ್ರೀಧರ ಹಳೇ ಪೇಪರು ತಂದು ಮೊಣಕಾಲೂರಿ ಮೊಟ್ಟೆಯ ಚೂರುಗಳನ್ನು ಬಳಿದ. ಶುಭದಾ ಕೂಡ ಕೆಳಗೆ ಕೂತು ಕೈ ಹಾಕಿದಳು. ಅವನು ಅವಳ ಕಡೆ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೈಸಿಕೊಂಡು ಅಭ್ಯಾಸವಿತ್ತು.

"ನಮ್ಮ ಯಜಮಾನರು ಬದುಕಿರೋ ತನಕ ಯಾರಿಗೂ ಮೂರು ಕಾಸಿನ ಉಪಯೋಗಕ್ಕೆ ಬಂದೋರಲ್ಲ" ಎಂದು ದ್ವಾರಕಾಬಾಯಿ ತಟ್ಟೆ ಕೆಳಗಿಟ್ಟು ಹೇಳಿದರು. "ಸತ್ತ ಮೇಲಾದ್ರೂ ನಾಲ್ಕು ವರ್ಷದಿಂದ ಗುಬ್ಬಿ ಮರಿಗೆ ಆಸರೆ ಆಗಿದ್ರು. ಅದನ್ನೂ ನೀವು ಕಿತ್ಕೊಂಡ್ರಿ. ಭಾಳ ದೊಡ್ಡ ಕೆಲಸ ಮಾಡಿದ್ರಿ ಮಾಸ್ತರ್."

"ಮತ್ತೆ ಕಟ್ಟುತ್ತೆ ಆಯಿ. ಜಾಗ ಅದೇ ಥರ ಇದ್ರೆ ಈ ಬೇಸಿಗೆಯಲ್ಲೇ ಕಟ್ಟುತ್ತೆ" ಶ್ರೀಧರ ನೆಲ ನೋಡುತ್ತಲೇ ಅಂದ.

"ಹಾಗಾದ್ರೆ ಕೇಳಿ ಮಾಸ್ತರ್. ಫೋಟೋ ಹೇಗಿತ್ತೋ ಹಾಗೇ ಸೊಟ್ಟಗೆ ಹಾಕ್ಕೊಡಿ, ನಿಮ್ಮ ಕೈಯಾರೆ. ಆಮೇಲೆ ಮದುವೆ ಮಾತು. ಸಾತಾರೆಯಿಂದ ಇನ್ನೊಂದು ಜಾತಕ ಬಂದು ಕೂತಿದೆ. ಅಕ್ಷಯ ತೃತೀಯಕ್ಕೆ ನಾನು ಯಾರಿಗಾದ್ರೂ ಒಬ್ಬರಿಗೆ ಉತ್ತರ ಕೊಡ್ಬೇಕು."

ಮಾಸ್ತರರು ನಕ್ಕರು. "ಸೊಟ್ಟಗೆ ತಾನೇ? ಅದೇನು ಮಹಾ! ಈ ಊರಲ್ಲಿ ಪ್ರತಿಯೊಬ್ಬ ಮೂರ್ಖನೂ ಮಾಡ್ತಾನೆ."

ಮುಂದಿನ ಭಾನುವಾರ ಮಟ್ಟ ನೋಡುವ ರಸಮಟ್ಟ, ತೂಗುಗುಂಡು, ಅಡಿಪಟ್ಟಿ, ಸುತ್ತಿಗೆ, ಮೊಳೆಯ ಡಬ್ಬಿ ಎಲ್ಲಾ ಚೀಲದಲ್ಲಿ ತುಂಬಿಕೊಂಡು ಹೋದರು. ಹಳೇ ಮೊಳೆ ಸಡಿಲಾಗಿ ಬಿದ್ದುಹೋಗಿತ್ತು. ಎಡಗಡೆ ಎಷ್ಟು ಇಳಿದಿತ್ತು ಎಂದು ಕೇಳಿದರು. "ನಾನು ಅಳೆದಿಲ್ಲ, ನೋಡಿದ್ದೆ ಅಷ್ಟೇ" ಎಂದರು ದ್ವಾರಕಾಬಾಯಿ. ಮಾಸ್ತರರು ಕಾಗದದ ಮೇಲೆ ಚಿತ್ರ ಬರೆದರು, ಕೋನ ಲೆಕ್ಕ ಹಾಕಿದರು, ಪೆನ್ಸಿಲ್ಲಿನಲ್ಲಿ ಗೋಡೆಗೆ ಗುರುತು ಹಾಕಿ ಮೊಳೆ ಹೊಡೆದರು. ಎಡಮೂಲೆ ಸರಿಯಾಗಿ ನಾಲ್ಕು ಬೆರಳು ಕೆಳಗೆ ಬಂತು. ಅಲ್ಲಾಡದಂತೆ ಹಿಂದಿನಿಂದ ಎರಡು ಕಡೆ ಬಿಗಿದರು.

ದ್ವಾರಕಾಬಾಯಿ ಸೊಂಟಕ್ಕೆ ಕೈಕೊಟ್ಟು ಬಹಳ ಹೊತ್ತು ನೋಡಿದರು.

"ಇದು ಸೊಟ್ಟ ಅಲ್ಲ."

"ಅಲ್ವಾ? ನಾಲ್ಕು ಬೆರಳು ಇಳಿದಿದೆ!"

"ಇದು ನೇರವಾದದ್ದನ್ನ ಓರೆ ಮಾಡಿದ್ದು. ನಮ್ಮದು ಹೀಗಿರ್ಲಿಲ್ಲ. ಗೋಡೆಗೆ ಹಲ್ಲಿ ಥರ ಅಂಟ್ಕೊಂಡಿದೆ. ಹಿಂದೆ ಗುಬ್ಬಿ ಎಲ್ಲಿ ಕೂರುತ್ತೆ, ನಿಮ್ಮ ತಲೆ ಮೇಲಾ?"

ಮಾಸ್ತರರ ಕಿವಿ ಕೆಂಪಾಯಿತು. ವಾರವಿಡೀ ಮನೆಯಲ್ಲಿ ಸೊಟ್ಟ ಹಾಕುವ ಅಭ್ಯಾಸ ನಡೆಯಿತು. ಅದೂ ತಮ್ಮ ಕೋಣೆಯ ಗೋಡೆಯಲ್ಲಿ ಅಲ್ಲ ಮತ್ತೆ, ಮಗಳ ಕೋಣೆಯಲ್ಲಿ. ಒಂದು ಕ್ಯಾಲೆಂಡರಿನ ಲಕ್ಷ್ಮಿಗೆ ಕಟ್ಟು ಹಾಕಿಸಿ ತಂದು ಹಾಕುವುದು, ತೆಗೆಯುವುದು. ಸೊಟ್ಟಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಷ್ಟರಲ್ಲಿ ಕೈ ತಾನಾಗಿ ಮುಂದೆ ಹೋಗಿ ಲಕ್ಷ್ಮಿಯನ್ನು ನೇರ ಮಾಡಿಬಿಡುತ್ತಿತ್ತು. "ಥತ್!" ಎಂದು ತಮ್ಮ ಕೈಯನ್ನು ತಾವೇ ಬೈದುಕೊಳ್ಳುತ್ತಿದ್ದರು. ಡ್ಯೂಟಿಯಿಂದ ಬಂದ ಶುಭದಾ ಬಾಗಿಲಲ್ಲಿ ನಿಂತು ನೋಡಿದಳು. ಕನಿಕರ ಬರಬೇಕಿತ್ತು, ಬರಲಿಲ್ಲ. ಇಡೀ ಊರನ್ನು ಕಾಲಕಸ ಮಾಡಿದ ಈ ಮನುಷ್ಯನಿಗೆ, ಹಾಲಿನವನು ಕೂಡ ಮಾಡುವ ಒಂದು ಕೆಲಸ ಬರುವುದಿಲ್ಲವಲ್ಲ ಎಂದು ಅವಳಿಗೆ ಉರಿ ಹತ್ತಿತು. ಎರಡು ಬುಧವಾರ ಕಳೆದಿದ್ದವು. ನಾಗಪುರಕ್ಕೆ ಟ್ರಂಕ್ ಕಾಲ್ ಯಾರೂ ಬುಕ್ ಮಾಡಿರಲಿಲ್ಲ.

ಎರಡನೇ ಭಾನುವಾರವೂ ಮಾಸ್ತರರು ಸೋತು ಬಂದರು. ಫೋಟೋವನ್ನು ಗೋಡೆಯಿಂದ ಮುಂದಕ್ಕೆ ಬಾಗಿಸಿದರು, ಆದರೆ ಎಡಬಲ ಮತ್ತೆ ನೆಟ್ಟಗೆ ಬಂತು. ಅವರಿಗೇ ಗೊತ್ತಾಗದಂತೆ ಬಂತು. "ಇನ್ನೆರಡು ವಾರ ಬಂದ್ರೆ ನನ್ನ ಗೋಡೆ ಜರಡಿ ಆಗುತ್ತೆ ಮಾಸ್ತರ್" ಎಂದು ದ್ವಾರಕಾಬಾಯಿ ಬಿದ್ದ ಸುಣ್ಣ ಗುಡಿಸಿದರು.

ಮೂರನೆಯ ಭಾನುವಾರದ ಮರುದಿನವೇ ಅಕ್ಷಯ ತೃತೀಯ. ಮಾಸ್ತರರು ಮಗಳ ಎದುರಿಗೇ ಒಂದೂವರೆ ಗಂಟೆ ಒದ್ದಾಡಿದರು. ಅಂಗಿ ಬೆನ್ನಿಗೆ ಅಂಟಿತ್ತು. ಶ್ರೀಧರ ಸ್ಟೂಲು ಹಿಡಿದು ನಿಂತಿದ್ದ. ನಾಲ್ಕು ಸಲ ಹಾಕಿದರು, ನಾಲ್ಕು ಸಲವೂ ದ್ವಾರಕಾಬಾಯಿ ತಲೆ ಅಲ್ಲಾಡಿಸಿದರು. ಕಡೆಗೆ ಮಾಸ್ತರರು ಸ್ಟೂಲಿನಿಂದ ಇಳಿದು ಫೋಟೋವನ್ನು ಗೋಡೆಗೆ ಒರಗಿಸಿದರು.

"ಇದು ಆಗದ ಮಾತು. ಸೊಟ್ಟ ಅನ್ನೋದು ವಿದ್ಯೆ ಅಲ್ಲ, ರೋಗ. ಇಂಥ ಮನೆಗೆ ಮಗಳನ್ನ ಕೊಡೋದಕ್ಕಿಂತ ಸುಮ್ಮನಿರೋದು ಮೇಲು. ನಡಿಯೇ ಶುಭದಾ, ಚೀಲ ಎತ್ಕೋ."

ರಸಮಟ್ಟವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಶ್ರೀಧರ ಶುಭದಾಳ ಕಡೆ ನೋಡಿದ. ಮೂರು ವಾರದಲ್ಲಿ ಅವನು ನೇರವಾಗಿ ನೋಡಿದ್ದು ಅದೇ ಮೊದಲು.

ಶುಭದಾ ಎದ್ದು ಬಂದು ಚೀಲಕ್ಕೆ ಕೈ ಹಾಕಿದಳು. ಚೀಲ ಎತ್ತಿಕೊಳ್ಳಲಿಲ್ಲ, ಸುತ್ತಿಗೆ ತೆಗೆದುಕೊಂಡಳು.

"ಏಯ್, ಏನದು? ನಿನಗೆ ಬರಲ್ಲ, ಬಿಡು."

"ಬರಲ್ಲ ಅಂತಾನೇ ಮಾಡ್ತಿರೋದು."

ಸ್ಟೂಲು ಹತ್ತಿದಳು. ಗುರುತು ಹಾಕಲಿಲ್ಲ, ಅಳೆಯಲಿಲ್ಲ, ಒಂದು ಕಣ್ಣು ಮುಚ್ಚಿ ನೋಡಲಿಲ್ಲ. ಮೊದಲ ಏಟಿಗೆ ಮೊಳೆ ಹಾರಿ ಅವತ್ತೂ ತಂದಿಟ್ಟಿದ್ದ ಅವಲಕ್ಕಿ ತಟ್ಟೆಗೆ ಬಿತ್ತು. ಎರಡನೆಯದು ಬಗ್ಗಿತು. ಮೂರನೆಯ ಏಟು ಹೆಬ್ಬೆರಳಿಗೆ ಬಿತ್ತು, "ಅಯ್ಯಮ್ಮಾ!" ಎಂದು ಚೀರಿದಳು, ಉಗುರಿನ ಸಂದಿಯಲ್ಲಿ ರಕ್ತ ಜಿನುಗಿತು. ಶ್ರೀಧರ ಕೈ ಚಾಚಿದ. "ಸ್ಟೂಲು ಹಿಡ್ಕೊಳ್ಳಿ ಸಾಕು" ಅಂದಳು. ಕೆಳಗಿನಿಂದ ಮಾಸ್ತರರು ಹಲ್ಲು ಕಡಿದು ಒಂದೊಂದು ಏಟಿಗೂ ಕಣ್ಣು ಮುಚ್ಚುತ್ತಿದ್ದರು. "ಸುತ್ತಿಗೆ ಹಿಡಿಯೋ ರೀತಿ ನೋಡು, ಸೌಟು ಹಿಡಿದ ಹಾಗೆ! ಬುಡ ಹಿಡೀಬೇಕು, ಬುಡ! ಅಯ್ಯೋ, ಮೊಳೆ ಓರೆ ಹೋಗ್ತಿದೆ ಕಣೇ!"

"ಹೋಗ್ಲಿ."

ಮೊಳೆ ಓರೆಯಾಗಿಯೇ ಹೋಯಿತು, ಆದರೆ ಹೋಯಿತು. ಸುಣ್ಣ ಉದುರಿ ಅವಳ ತಲೆಗೂದಲೆಲ್ಲ ಬೆಳ್ಳಗಾಯಿತು. ಶ್ರೀಧರ ಎತ್ತಿಕೊಟ್ಟ ಫೋಟೋವನ್ನು ದಾರ ಹೇಗೆ ಸಿಕ್ಕಿತೋ ಹಾಗೆ ಮೊಳೆಗೆ ಸಿಕ್ಕಿಸಿ ಕೈ ಬಿಟ್ಟಳು. ಅಪ್ಪಾ ಪೋಂಕ್ಷೆಯವರು ಒಮ್ಮೆ ಎಡಕ್ಕೆ ಜಾರಿದರು, ಒಂದು ಕ್ಷಣ ತೂಗಾಡಿದರು, ಮುಂದಕ್ಕೆ ಬಾಗಿ ಪಕ್ಕದ ಮನೆಯ ಜಗಳಕ್ಕೆ ಕಿವಿ ಕೊಟ್ಟು ನಿಂತರು. ಫೋಟೋಕ್ಕೂ ಗೋಡೆಗೂ ನಡುವೆ ಒಂದು ಹಿಡಿ ಹುಲ್ಲು ಹಿಡಿಸುವಷ್ಟು ಜಾಗ ಬಿತ್ತು.

ದ್ವಾರಕಾಬಾಯಿ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು.

"ಹ್ಞಾಂ" ಅಂದರು. "ಇದು ಸೊಟ್ಟ."

ಶ್ರೀಧರ ಜೋರಾಗಿ ನಕ್ಕುಬಿಟ್ಟ. ಶುಭದಾ ಸ್ಟೂಲಿನಿಂದ ಇಳಿದು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಳು. ನೋವಿನ ಜೊತೆಗೆ ಎಂಥದೋ ಸಂತೋಷ ಉಕ್ಕಿ ಬಂತು. ಮೂವತ್ತಮೂರು ವರ್ಷಕ್ಕೆ ಅವಳು ಗೋಡೆಗೆ ಹೊಡೆದ ಮೊದಲ ಮೊಳೆ ಅದು. ಮೊಳೆಯೇನೂ ಚೆನ್ನಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಮಾಸ್ತರರು ಫೋಟೋದ ಮುಂದೆ ನಿಂತಿದ್ದರು. ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಬಲಗೈ ನಿಧಾನವಾಗಿ ಎದ್ದಿತು, ಎಡಮೂಲೆಯ ಕಡೆಗೆ ಹೋಯಿತು.

"ಬಾಬಾ, ಕೈ ತೆಗೀರಿ. ಅದು ನಮ್ಮನೆ ಗೋಡೆ."

ಮಾಸ್ತರರ ಕೈ ನಿಂತಲ್ಲೇ ನಿಂತಿತು. ಮಗಳ ಕಡೆ ತಿರುಗಿದರು. ತಲೆ ತುಂಬ ಸುಣ್ಣ, ಬಾಯಲ್ಲಿ ಹೆಬ್ಬೆರಳು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಅವಳು ಕಣ್ಣು ತಗ್ಗಿಸಲಿಲ್ಲ. ಅವರು ಕೈ ಇಳಿಸಿ ಜೇಬಿಗೆ ಹಾಕಿಕೊಂಡರು. ಜೇಬಿನಲ್ಲಿ ಪೆನ್ಸಿಲ್ಲು ಸಿಕ್ಕಿತು. ಅದನ್ನು ಹೊರಗೆ ತೆಗೆದು ನೋಡಿ, ಮತ್ತೆ ಒಳಗಿಟ್ಟರು.

"ಸಕ್ಕರೆ ಡಬ್ಬಿ ಎಡಗಡೆ ಗೂಡಿನಲ್ಲಿದೆ, ಚಹಾಕ್ಕೆ ಇಡು ಹೋಗು" ಎಂದು ದ್ವಾರಕಾಬಾಯಿ ಶುಭದಾಳಿಗೆ ಹೇಳಿದರು. ಪೊರಕೆ ತರಲು ಹೊರಟವರು ಹೊಸ್ತಿಲಲ್ಲಿ ನಿಂತು ಮಾಸ್ತರರ ಕಡೆ ಒಮ್ಮೆ ನೋಡಿದರು. "ನಿಮ್ಮಪ್ಪನಿಗೂ ಒಂದು ಲೋಟ ಇಡು. ಪಾಪ, ಕುಡೀದೇ ಬಂದಿರ್ತಾರೆ."